ಸಂಜೆಯ ಕಾಲು

ಹಬ್ಬಕ್ಕೆಂದು ಚಪ್ಪಲಿ ಗೂಡು ತೊಳೆಯುತ್ತಿದ್ದ ನನ್ನ ಹೆಂಡತಿ ಒಂದು ಜೊತೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದು, "ರೀ, ಅಕ್ಕನ ಇದನ್ನ ಎಸೆದ್ಬುಡ್ಲಾ?" ಎಂದು ಪಿಸುಗುಟ್ಟಿದಳು. ನನ್ನಕ್ಕ ಒಳಕೋಣೆಯಲ್ಲಿ ಎಚ್ಚರವಾಗಿಯೇ ಇದ್ದಳು, ಅದಕ್ಕೇ ಆ ಪಿಸುಮಾತು. ಚಪ್ಪಲಿಯನ್ನು ತಿರುಗಿಸಿ ನೋಡಿದೆ. ಹಿಮ್ಮಡಿ ಗಟ್ಟಿಯಾಗಿಯೇ ಇದೆ, ಮುಂದಿನ ತುದಿ ಮಾತ್ರ ತೇದು ಕಾಗದದಂತಾಗಿದೆ. ಕಾಲೆತ್ತಲಾರದೆ ಎಳೆದು ನಡೆದರೆ ಹೀಗೆ ಸವೆಯುತ್ತದಂತೆ. ಈಗ ತಿಳಿದು ಏನು ಮಾಡೋಣ, ಹೇಳಿ?

ಅಕ್ಕ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ಮದುವೆಯಾಗಲಿಲ್ಲ. ನೋಡಲು ಬಂದ ಗಂಡುಗಳೆಲ್ಲ ಓಟದಲ್ಲಿ ಹಿಂದೆ ಬಿದ್ದರೆಂದು ತಾನೇ ನಗುತ್ತಿದ್ದಳು. ನಿವೃತ್ತಳಾಗಿ ಎಷ್ಟೋ ವರ್ಷವಾದರೂ ಒಂಟಿಕೊಪ್ಪಲಿನ ನಮ್ಮ ಮನೆಯಿಂದ ದೇವರಾಜ ಮಾರುಕಟ್ಟೆಗೆ ನಡೆದೇ ಹೋಗಿ, ಸೊಪ್ಪು, ಹೂವು, ರಸಬಾಳೆ ತುಂಬಿದ ಚೀಲ ಹೊತ್ತು ನಡೆದೇ ಬರುತ್ತಿದ್ದಳು. ನಾನೋ ಹೆಬ್ಬಾಳದ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೂತೇ ಸಂಬಳ ತಿಂದವನು. ಎದ್ದರೆ ನನಗಿಂತ ಮೊದಲು ನನ್ನ ಮಂಡಿ ಮಾತಾಡುತ್ತದೆ. "ಎರಡು ಹೆಜ್ಜೆಗೆ ಆಟೋನಾ? ದೇವರು ಕಾಲು ಕೊಟ್ಟಿರೋದು ಚಪ್ಪಲಿ ಹಾಕ್ಕೊಳ್ಳೋಕೆ ಮಾತ್ರಾನಾ ಕಣೋ?" ಎಂದು ಬೀದಿಗೆಲ್ಲ ಕೇಳುವಂತೆ ಹಂಗಿಸುವಳು. ಅವಳಿಗಿದ್ದದ್ದು ಒಂದೇ ಆಸೆ. "ಬೇರೆಯವರು ನನ್ನನ್ನ ಬಚ್ಚಲಿಗೆ ಎತ್ಕೊಂಡೋಗೋ ದಿನ ಬರಬಾರದು. ಅಷ್ಟಾದ್ರೆ ಸಾಕು."

ಆಮೇಲಾಮೇಲೆ ಸಂಜೆಗಳಲ್ಲಿ ಎಡವತೊಡಗಿದಳು. ಬೆಳಿಗ್ಗೆ ಹುಡುಗಿಯ ಹಾಗೆ ಓಡಾಡುವವಳು ಮಾರುಕಟ್ಟೆಯಿಂದ ಬಂದಾಗ ಕಾಂಪೌಂಡು ಹಿಡಿದು ನಿಲ್ಲುವಳು. ಕೇಳಿದರೆ, "ಸುಸ್ತು ಕಣೋ, ಕೂತ್ರೆ ಸರಿಹೋಗುತ್ತೆ." ಕೂತರೆ ಸರಿಹೋಗಿಯೇ ಬಿಡುತ್ತಿತ್ತು. ನಮಗೆ ಮೋಸ ಮಾಡಿದ್ದು ಅದೇ.

ಡಾಕ್ಟರ ಹತ್ತಿರವೂ ಹೋದೆವು. ಖಾಲಿಹೊಟ್ಟೆಯ ರಕ್ತಪರೀಕ್ಷೆಯೂ ಒಟ್ಟಿಗೇ ಆಗಲೆಂದು ಬೆಳ್ಳಂಬೆಳಿಗ್ಗೆಯೇ. ಕಣ್ಣುಮುಚ್ಚಿ ಒಂಟಿಕಾಲಲ್ಲಿ ನಿಲ್ಲಿ ಎಂದರು. ಅಕ್ಕ ಧ್ವಜವಂದನೆಗೆ ನಿಂತವಳ ಹಾಗೆ ನಿಂತಳು, ಅಲುಗಲಿಲ್ಲ. "ಅಮ್ಮಾ, ನಿಮಗೇನೂ ಆಗಿಲ್ಲ. ಇವರೂ ಒಂದ್ಸಲ ನಿಲ್ಲಲಿ" ಎಂದು ಡಾಕ್ಟರು ನನ್ನ ಕಡೆ ತಿರುಗಿದರು. ನಾನು ನಿಲ್ಲುವುದಿರಲಿ, ಅವರ ಪರದೆಯನ್ನೇ ಜಗ್ಗಿ ಕೆಡವಿದೆ. ದಾರಿಯುದ್ದಕ್ಕೂ ಅಕ್ಕನದು ಅದೇ ನಗು.

ನಮ್ಮ ಮನೆಯ ಹೊಸ್ತಿಲು ಹಳೆಯ ಕಾಲದ್ದು, ಸ್ವಲ್ಪ ಎತ್ತರ. ದಿನಾ ಅದನ್ನು ತೊಳೆದು, ಅರಿಸಿನ ಬಳಿದು, ಕುಂಕುಮ ಇಟ್ಟು, ರಂಗೋಲಿ ಎಳೆ ಎಳೆಯುವುದು ಅಕ್ಕನ ಕೆಲಸ. ಯಾರೂ ಅದನ್ನು ತುಳಿಯಕೂಡದು, ದಾಟಬೇಕು. ಚಿಕ್ಕವನಿದ್ದಾಗ ತುಳಿದು ಅವಳಿಂದ ಬೆನ್ನಿಗೆ ತಿಂದ ಗುದ್ದಿಗೆ ಲೆಕ್ಕವಿಲ್ಲ. ಒಂದು ಸಂಜೆ ನಾನು ನಡುಮನೆಯಲ್ಲಿ ಕೂತಿದ್ದೆ. ಅಕ್ಕ ಚೀಲ ಹಿಡಿದು ಬಂದಳು, ಬಲಗಾಲೆತ್ತಿದಳು. ತಾನು ಎತ್ತಿದೆ ಅಂದುಕೊಂಡಷ್ಟು ಕಾಲು ಮೇಲೆ ಬರಲಿಲ್ಲ. ಬೆರಳು ತಗುಲಿತು, ಪಾದ ಸರಿಯಾಗಿ ಹೊಸ್ತಿಲ ಮೇಲೆಯೇ ಬಂತು. ಊರಿದ್ದರೆ ನಿಲ್ಲುತ್ತಿದ್ದಳು! ಊರಲಿಲ್ಲ. ಅರಿಸಿನದ ಮೇಲಿಂದ ಪಾದವನ್ನು ಚಕ್ಕನೆ ಎಳೆದುಕೊಂಡು ಆಚೆ ಇಡಲು ಹೋದಳು. ಆಧಾರವಾಗಬೇಕಿದ್ದ ಎಡಗಾಲು ಮಡಚಿಕೊಂಡಿತು. ಬಿದ್ದಲ್ಲಿಂದಲೇ ಅವಳು ಆಡಿದ ಮೊದಲ ಮಾತು, "ತುಳೀಲಿಲ್ಲ ಕಣೋ."

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ನಾದ ಮೇಲೆ ಮನೆಗೆ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ ನನ್ನನ್ನು ಹೊರಗೆ ಕರೆದು ಹೇಳಿದಳು: "ಅಂಕಲ್, ಎಡವೋದು ಎಲ್ಲರೂ ಎಡವ್ತಾರೆ. ವಯಸ್ಸಾದ ಮೇಲೆ ತೊಡೆ, ಮೀನಖಂಡ ದಣಿದುಬಿಟ್ರೆ ಬೇಗ ಸಾವರಿಸ್ಕೊಳ್ಳೋಕೆ ಆಗಲ್ಲ. ಡಾಕ್ಟ್ರು ನೋಡಿದ್ದು ಬೆಳಗಿನ ಕಾಲು. ಬಿದ್ದದ್ದು ಸಂಜೆ ಕಾಲು."

ವಾಕರ್ ಹಿಡಿದು ಬಾಗಿಲವರೆಗೆ ಹೋಗುವಷ್ಟರಲ್ಲಿ ಅಕ್ಕನ ತೊಡೆ ಥರಥರ ನಡುಗುವುದು. ನಡುಗಿದರೆ ಭಯ. ಭಯವಾದರೆ "ನಾಳೆ ನೋಡೋಣ ಬುಡಮ್ಮ" ಎಂದು ಆ ಹುಡುಗಿಯನ್ನು ಸಾಗಹಾಕುವಳು. ನಡೆಯದಿದ್ದರೆ ಕಾಲು ಇನ್ನೂ ಸೋಲುತ್ತದೆ, ಸೋತ ಕಾಲು ನಡೆಯಗೊಡುವುದಿಲ್ಲ. ಗದರಿದೆ, ಬೇಡಿಕೊಂಡೆ, ಹಂಗಿಸಿಯೂ ನೋಡಿದೆ. ಒಂದು ದಿನ ಅವಳು ವಾಕರನ್ನು ಗೋಡೆಗೆ ಒರಗಿಸಿದಳು, ಮತ್ತೆ ಮುಟ್ಟಲಿಲ್ಲ. ಹುಡುಗಿಯರನ್ನು ಮೈದಾನದ ಸುತ್ತ ಓಡಿಸಿದ ಕಾಲುಗಳು ಇವೇನಾ ಅನ್ನುವಷ್ಟು ಸಣ್ಣಗಾಗಿವೆ. ಜೀವಮಾನವೆಲ್ಲ ಕೂತವನು ನಾನು ಓಡಾಡಿಕೊಂಡಿದ್ದೇನೆ. ಇದೆಂಥಾ ನ್ಯಾಯವಪ್ಪಾ! ನನಗಂತೂ ಅರ್ಥವಾಗಿಲ್ಲ, ಆಗುತ್ತದೆಂಬ ಆಸೆಯೂ ಉಳಿದಿಲ್ಲ.

ಆ ಚಪ್ಪಲಿಯನ್ನು ತೊಳೆದ ಗೂಡಿಗೇ ವಾಪಸಿಟ್ಟು ಒಳಕೋಣೆಗೆ ಹೋದೆ. ಅಕ್ಕನಿಗೆ ಬಚ್ಚಲಿಗೆ ಹೋಗಬೇಕಿತ್ತು. ನಾನೂ ಹೆಂಡತಿಯೂ ಸೇರಿ ಎತ್ತಿಕೊಂಡು ಹೋಗಿ, ಎತ್ತಿಕೊಂಡೇ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆವು. ಎತ್ತಿದ್ದಕ್ಕೆ ನಾನು ಏದುಸಿರು ಬಿಡುತ್ತಿದ್ದೆ. ಆದರೂ ರೂಢಿಯಲ್ಲಿ, "ಸುಸ್ತಾಯ್ತೇನಕ್ಕಾ?" ಎಂದು ಕೇಳಿಬಿಟ್ಟೆ.

ಅಕ್ಕ ತನ್ನ ಕಾಲುಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು.

"ಇಲ್ಲ ಕಣೋ. ಸುಸ್ತೇ ಆಗಲ್ಲ ಈಗ. ಒಂದೇ ಒಂದ್ಸಲ, ಕಾಲು ಬಿದ್ದೋಗೋ ಹಂಗೆ ಸುಸ್ತಾಗ್ಬೇಕು ಅನ್ಸುತ್ತೆ."