ಸಾರಿಸಿದ ಗೋಡೆ

ಎರಡನೇ ಮಹಾಯುದ್ಧ ಮುಗಿದ ಮೇಲೆ ಬೈಂದೂರಿನ ಗುಡ್ಡದ ಬುಡದ ಮನೆಗಳಿಗೆ ಡಿಡಿಟಿ ಹೊಡೆಸುವ ಕೆಲಸ ನನ್ನದಾಗಿತ್ತು. ಆ ಬಿಳಿ ಮದ್ದು ಮಲೇರಿಯಾವನ್ನು ಮುಗಿಸುತ್ತದೆ ಎಂದು ಮೇಲಿನವರು ನಂಬಿದ್ದರು. ನಾನು ಸಂಬಳವನ್ನು ನಂಬಿದ್ದೆ.

ಒಂದು ಮನೆಯಲ್ಲಿ, ಹಿಂದಿನ ವಾರವಷ್ಟೇ ಮದ್ದು ಹೊಡೆದ ಗೋಡೆಗೆ ಮುದುಕಿ ಸಗಣಿ ಸಾರಿಸಿಬಿಟ್ಟಿದ್ದಳು.

"ಎಂತಕ್ಕಮ್ಮ ಹೀಗೆ ಮಾಡಿದ್ದು?" ಎಂದೆ.

"ಮಗ್ಳ್ ಹೆರಿಗಿಗೆ ಬಂದಿದ್ಲ್ ಅಯ್ಯಾ. ಬೂದಿ ಬಳ್ದಂಗಿಪ್ಪ ಗೋಡಿ ಕಾಂತಾ ಮನಿಕಂಬುಕಾತ್ತಾ?"

ಅಂಥ ಗೋಡೆ ನೋಡುತ್ತಾ ಮಲಗಲಾರದ ಮಗಳು ಒಳಗೆ ಚಾಪೆಯ ಮೇಲೆ ಚಳಿಜ್ವರದಿಂದ ನಡುಗುತ್ತಿದ್ದಳು. ನನಗೆ ಸಿಟ್ಟು ಬಂತು. ಮದ್ದು ಅರ್ಧ ಮುಚ್ಚಿಹೋದರೆ ಬಡಕಲು ಸೊಳ್ಳೆಗಳು ಮಾತ್ರ ಸಾಯುತ್ತವೆ, ತಾಳಿಕೊಂಡವು ಉಳಿದು ಮೊಟ್ಟೆಯಿಡುತ್ತವೆ, ಕೊನೆಗೆ ಆ ಮದ್ದಿಗೆ ಸಾಯದ ಗಟ್ಟಿ ಸಂತತಿಯೇ ಹುಟ್ಟುತ್ತದೆ ಎಂದು ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಒಪ್ಪಿಸಿದೆ.

ಮುದುಕಿ ಗಮನವಿಟ್ಟು ಕೇಳಿದಳು.

"ನಮ್ಮನೆಯೊಳ್ಗೂ ಹಾಂಗೇ ಅಲ್ದಾ? ಇದೇ ಜ್ವರ ಬಂದ್ ನಾಲ್ಕ್ ಮಕ್ಳ್ ಸತ್ತ್ ಹೋದೋ. ತಾಳ್ಕಂಡ್ ಉಳ್ದದ್ ಇವ್ಳೊಬ್ಳೇ. ಹಾಂಗಾರೆ ಇವ್ಳ್ ಹೊಟ್ಟೆಯೊಳ್ಗಿಪ್ಪ ಮಗು ಗಟ್ಟಿಯೇ ಆತ್ತಲ್ದಾ ಅಯ್ಯಾ?"

ಹಾಗಾಗಲು ಎಷ್ಟೋ ತಲೆಮಾರು ಬೇಕು. ಸೊಳ್ಳೆಗಾದರೆ ತಲೆಮಾರೆಂದರೆ ಎರಡು ವಾರ. ಆ ಮಗುವಿಗೆ ಇದ್ದದ್ದು ಒಬ್ಬಳೇ ತಾಯಿ, ಅವಳ ಹಲ್ಲು ಕಟಕಟ ಎನ್ನುವುದು ನನಗೆ ಹೊರಗೆ ಕೇಳಿಸುತ್ತಿತ್ತು.

"ಹೌದಮ್ಮ, ಗಟ್ಟಿಯೇ," ಎಂದೆ.

ಜ್ವರಕ್ಕೆ ಕ್ವಿನೈನ್ ಗುಳಿಗೆ ಹಂಚುವುದು ಬೇರೆಯವರ ಕೆಲಸ, ಅವರು ಆ ಕಡೆ ಬಂದೇ ಇರಲಿಲ್ಲ. ನನ್ನ ಬಳಿ ಇದ್ದದ್ದು ಪಂಪು ಮಾತ್ರ. ಸಗಣಿಯ ಮೇಲೆಯೇ ಇನ್ನೊಮ್ಮೆ ಮದ್ದು ಹೊಡೆಸಿ ಹೊರಟೆ. ಆ ಮನೆಯಲ್ಲಿ ಗಟ್ಟಿಯಾಗುವಷ್ಟು ಸಮಯವಿದ್ದದ್ದು ಸೊಳ್ಳೆಗಳಿಗೆ ಮಾತ್ರ.