ಶಾಲು ಹೊದಿಸಿದ ಸಾಕ್ಷಿ

ಚಾಕು ಹಿಡಿದವನು ನನ್ನನ್ನು ಎಷ್ಟು ಹೊತ್ತು ನೋಡಿದ ಎಂದು ಈಗಲೂ ಲೆಕ್ಕ ಹಾಕುತ್ತೇನೆ. ಒಮ್ಮೆ ನಾಲ್ಕು ಸೆಕೆಂಡು ಅನಿಸುತ್ತದೆ, ಒಮ್ಮೆ ಹತ್ತು. ರೊಟ್ಟಿ ಬಡಿಯುತ್ತಿದ್ದ ಕೈ ಹಾಗೇ ನಿಂತುಬಿಡುತ್ತದೆ. ಹಂಚಿನ ಮೇಲಿನದು ಹೊತ್ತಿದ ವಾಸನೆ ಬಂದು ಅವ್ವ ಕೂಗಿದಾಗಲೇ ಎಚ್ಚರ.

ಸವಣೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವುದು ನನ್ನ ಕೆಲಸ. ಧಾರವಾಡದಲ್ಲಿ ಎಂ.ಎ. ಮುಗಿಸಿದವಳು. ಗಂಡ ತೀರಿಕೊಂಡ ಮೇಲೆ ಅವ್ವ, ಮೂರನೆಯ ತರಗತಿಯ ಮಗಳು, ನಾನು, ಇಷ್ಟೇ ಸಂಸಾರ.

ಅವತ್ತು ಮಧ್ಯಾಹ್ನ ಮೂರರ ಹೊತ್ತಿಗೆ ಎಲೆತೋಟದ ದಾರಿಯಲ್ಲಿ ಸ್ಕೂಟಿಯ ಮೇಲೆ ಬರುತ್ತಿದ್ದೆ. ಮುಂದೆ ನಮ್ಮ ಓಣಿಯ ದೊಡ್ಡವ್ವ ನಡೆದು ಹೋಗುತ್ತಿದ್ದಳು. ಬಂಧುವಲ್ಲ, ಓಣಿಯವರೆಲ್ಲ ಹಾಗೇ ಕರೆಯುತ್ತೇವೆ. ತೋಟದಲ್ಲಿ ವೀಳ್ಯದೆಲೆ ಕೊಯ್ದು, ನೂರು ನೂರರ ಕಟ್ಟು ಕಟ್ಟಿ ಸವಣೂರಿನ ಪೇಟೆಗೆ ಒಯ್ಯುವುದು ಅವಳ ಬದುಕು. ನನ್ನನ್ನು ದಾಟಿ ಹೋದ ಒಂದು ಬೈಕು ಅವಳ ಪಕ್ಕ ನಿಂತಿತು. ಹಿಂದೆ ಕುಳಿತವನು ಇಳಿದು ಅವಳ ಕೊರಳಿನ ಬಂಗಾರದ ಬೋರಮಾಳ ಸರಕ್ಕೆ ಕೈ ಹಾಕಿದ. ದೊಡ್ಡವ್ವ ಸರವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಳು. ಅವನು ಚಾಕು ತೆಗೆದು ಆ ಕೈಯ ಮೇಲೇ ಎಳೆದ. ಎಳೆದಾಟದಲ್ಲಿ ಅವನ ಮುಖಕ್ಕೆ ಕಟ್ಟಿದ್ದ ವಸ್ತ್ರ ಜಾರಿತು. ಆಗ ಅವನು ತಲೆ ಎತ್ತಿ ನನ್ನನ್ನು ನೋಡಿದ. ನಾನು ಕೂಗಲಿಲ್ಲ. ಗಾಡಿಯ ಹಾರ್ನ್ ಕೂಡ ಒತ್ತಲಿಲ್ಲ. ಅವನು ಚಾಕುವಿನ ತುದಿಯನ್ನು ನನ್ನತ್ತ ತೋರಿಸಿ, ಬೇಡ ಎನ್ನುವಂತೆ ಆಡಿಸಿ ಸರದ ಸಮೇತ ಬೈಕು ಹತ್ತಿದ.

ದೊಡ್ಡವ್ವನ ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ. ಎಲೆ ಎಣಿಸಿ ಕಟ್ಟುವುದು ಆ ಬೆರಳುಗಳಿಂದಲೇ.

ಅವತ್ತೇ ಸಂಜೆ ನಾನು ನಮ್ಮೂರಿನ ಗಸ್ತು ನೋಡುವ ಬೀಟಿನ ಪೊಲೀಸರಿಗೆ ಫೋನ್ ಮಾಡಿದೆ. ಹತ್ತು ವರ್ಷದ ಹಿಂದಾಗಿದ್ದರೆ ಮಾಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಠಾಣೆಯ ಮೆಟ್ಟಿಲು ಹತ್ತಿದವರು ಯಾರೂ ಇಲ್ಲ, ಹತ್ತಬಾರದು ಎಂದೇ ಬೆಳೆದದ್ದು. ಆದರೆ ಈ ಕಾನ್‌ಸ್ಟೇಬಲ್ ಬೇರೆ. ಅಬಲೂರಿನ ಕಡೆಯವರು, ನನಗಿಂತ ಸಣ್ಣ ವಯಸ್ಸು. ಗುಡಿಯ ಗೋಡೆಗೆ ಅಂಟಿಸಿದ ಚೀಟಿಯನ್ನು ದಿನವೂ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಬೀಟಿಗೆ ಬಂದ ಗುರುತು ಹಾಕಿ, ಓಣಿ ಓಣಿ ತಿರುಗಿ ಹೋಗುತ್ತಿದ್ದರು. ಊರಿನ ವಾಟ್ಸಾಪ್ ಗುಂಪು ಕಟ್ಟಿದ್ದೂ ಅವರೇ. ಗ್ರಂಥಾಲಯಕ್ಕೆ ಬಂದು ಪೇಪರ್ ಓದಿ, ಚಹಾ ಕುಡಿದು, ಕಪ್ಪು ತಾವೇ ತೊಳೆದಿಡುವ ಪೊಲೀಸರನ್ನು ನಾನು ನೋಡಿದ್ದು ಅದೇ ಮೊದಲು.

"ನಿಮ್ಮ ಹೆಸರು ಎಲ್ಲೂ ಹೊರಗ ಬರೂದಿಲ್ರಿ ಅಕ್ಕಾರ. ಅದು ನನ್ನ ಜವಾಬ್ದಾರಿ," ಎಂದರು. ಕಂಡದ್ದನ್ನೆಲ್ಲ ಹೇಳಿದೆ. ಹುಬ್ಬಿನ ನಡುವಿನ ಗಾಯದ ಗುರುತನ್ನೂ ಹೇಳಿದೆ. ತಡಸದ ಹತ್ತಿರ ರಸ್ತೆಯ ಕ್ಯಾಮೆರಾದಲ್ಲಿ ಬೈಕು ಸಿಕ್ಕಿತು, ಅದನ್ನು ಓಡಿಸುತ್ತಿದ್ದವನು ವಾರದೊಳಗೆ ಸಿಕ್ಕ. ಚಾಕುವಿನವನು ಸಿಗಲಿಲ್ಲ. ಕ್ಯಾಮೆರಾದಲ್ಲಿ ಅವನ ಮುಖಕ್ಕೆ ವಸ್ತ್ರವಿತ್ತು. ನೋವಿನಲ್ಲಿ ಕಣ್ಣು ಮುಚ್ಚಿದ್ದ ದೊಡ್ಡವ್ವನಿಗೂ ಮುಖ ನೆನಪಿರಲಿಲ್ಲ. ಕಂಡವಳು ನಾನೊಬ್ಬಳೇ.

ಅದಾದ ಮೇಲೆ ಪಂಚಾಯಿತಿ ಸಭಾಭವನದಲ್ಲಿ ಪೊಲೀಸರ ಜನಸಂಪರ್ಕ ಸಭೆ ನಡೆಯಿತು. ಗ್ರಂಥಾಲಯ ಅದೇ ಕಟ್ಟಡದಲ್ಲಿ ಇರುವುದರಿಂದ ಕುರ್ಚಿ ಹಾಕಿಸಲು ನಾನೂ ಇದ್ದೆ. ಸಬ್ ಇನ್ಸ್‌ಪೆಕ್ಟರು ಮಾತನಾಡಿ, ಪೊಲೀಸರಿಗೆ ಹೆದರಬೇಡಿ, ಕಂಡದ್ದನ್ನು ಹೇಳಿ ಎಂದರು. ಆಮೇಲೆ ನನ್ನ ಹೆಸರು ಕೂಗಿದರು.

ನಮ್ಮ ಕಡೆ ಯಾರೇ ಏನೇ ಒಳ್ಳೆಯದು ಮಾಡಿದರೂ ಮೊದಲು ಬರುವುದು ಶಾಲು. ನಿವೃತ್ತಿಯಾದ ಮಾಸ್ತರರಿಗೆ, ರಕ್ತ ಕೊಟ್ಟವರಿಗೆ, ಹೆಚ್ಚು ಅಂಕ ತೆಗೆದ ಹುಡುಗಿಗೆ, ಎಲ್ಲರಿಗೂ ಶಾಲು, ಹಾರ, ಹಣ್ಣಿನ ತಟ್ಟೆ, ಫೋಟೋ. ಹೊದಿಸಬೇಕೋ ಬೇಡವೋ ಎಂದು ಯಾರೂ ಯೋಚಿಸುವುದಿಲ್ಲ. ಶಾಲು ಹಿಡಿದು ಬಂದವರೆದುರು ಬೇಡ ಎನ್ನುವುದು ಅವರ ಮುಖಕ್ಕೆ ಹೊಡೆದಂತೆ. ನನಗೂ ಹೊಳೆಯಲಿಲ್ಲ. ಓದಿದವಳಿಗೆ, ಒಬ್ಬ ಇನ್ನೂ ಹೊರಗಿದ್ದಾನೆ ಎಂದು ಗೊತ್ತಿದ್ದವಳಿಗೆ ಹೊಳೆಯಲಿಲ್ಲ. ಕತ್ತು ಬಗ್ಗಿಸಿದೆ. "ಸ್ವಲ್ಪ ನಗ್ರಿ ಮೇಡಂ," ಎಂದು ಯಾರೋ ಅಂದರು, ನಕ್ಕೆ.

ಮನೆ ಮುಟ್ಟುವ ಮೊದಲೇ ಫೋಟೋ ಗುಂಪಿಗೆ ಬಂದಿತ್ತು. ಕೆಳಗೆ ನನ್ನ ಹೆಸರು, ಊರು, ಕೆಲಸ. 'ಆರೋಪಿಯ ಮುಖ ಕಂಡ ಏಕೈಕ ಧೈರ್ಯಶಾಲಿ ಮಹಿಳೆಗೆ ಸನ್ಮಾನ. ಎರಡನೇ ಆರೋಪಿಗಾಗಿ ಶೋಧ ಮುಂದುವರಿದಿದೆ.' ಚಪ್ಪಾಳೆಯ ಗುರುತುಗಳು ಸಾಲಾಗಿ ಬೀಳುತ್ತಿದ್ದವು. ಏಕೈಕ ಎಂಬ ಪದದ ಹತ್ತಿರ ನನ್ನ ಕಣ್ಣು ನಿಂತಿತು.

ಮರುದಿನ ಪೇಪರ್ ಓದಲು ಬರುವ ಹಿರಿಯರೊಬ್ಬರು ಬಾಗಿಲಲ್ಲೇ ನಿಂತು ಸಲ್ಯೂಟ್ ಹೊಡೆದರು. "ಇನ್ನ ನಮ್ಮೂರಿಗೆ ಕಳ್ಳರ ಭಯ ಇಲ್ಲ ಬಿಡವಾ. ಲೇಡಿ ಪಿಎಸ್ಐ ಇಲ್ಲೇ ಕುಂತಾಳ."

ಎಲ್ಲರೂ ನಕ್ಕರು. ಮೂಲೆಯಲ್ಲಿ ಕುಳಿತಿದ್ದ ಅಪರಿಚಿತ ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದ. ಉಳಿದವರು ಎದ್ದುಹೋದ ಮೇಲೆ ಮೇಜಿನ ಹತ್ತಿರ ಬಂದ.

"ಅಕ್ಕಾರ, ಫೋಟೋ ಭಾಳ ಚಲೋ ಬಂದೈತ್ರಿ."

"ಯಾವ ಫೋಟೋರಿ?"

"ಶಾಲಿಂದರಿ. ಹಾನಗಲ್ಲ ಕಡೆ ನಮ್ಮ ಗ್ರೂಪಿಗೂ ಬಂದೈತಿ." ಸ್ವಲ್ಪ ತಡೆದು ಕೇಳಿದ. "ನಿಮ್ಮ ಮಗಳು ಸಾಲಿಗೆ ಆಟೋದಾಗ ಹೋಗ್ತಾಳಲ್ರಿ?"

"ಯಾಕ್ರಿ?"

"ಹಂಗ ಕೇಳಿದ್ನಿರಿ."

ಅವನು ಹೋದ. ಅವನು ಚಾಕುವಿನವನಲ್ಲ, ಮುಖ ಬೇರೆ. ಆದರೂ ಹೊತ್ತಿಗೆ ಮೊದಲೇ ಗ್ರಂಥಾಲಯಕ್ಕೆ ಬೀಗ ಹಾಕಿದೆ. ಶಾಲೆಗೆ ಓಡಿ ಮಗಳನ್ನು ಕರೆತಂದು ಬೀಟಿನವರಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷದಲ್ಲಿ ಬಂದರು.

"ಹೆಸರು ಹೊರಗ ಬರೂದಿಲ್ಲ ಅಂದಿದ್ರಿ."

"ಈಗ ಡಿಲೀಟ್ ಮಾಡೇನ್ರಿ ಅಕ್ಕಾರ."

"ನಿಮ್ಮ ಗ್ರೂಪಿನ್ಯಾಗ ಮಾಡೀರಿ. ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರ, ಎಲ್ಲಾ ಕಡೆ ಹೋಗೈತಿ ಅದು. ಅಲ್ಲೆಲ್ಲಾ ಹೋಗಿ ಅಳಸ್ತೀರೇನು?"

ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಸನ್ಮಾನ ಮಾಡೂಣ್ರಿ ಅಂತ ಸಾಹೇಬ್ರಿಗೆ ಹೇಳಿದಾವ ನಾನ ರೀ. ನಿಮ್ಮನ್ನ ನೋಡಿ ಇನ್ನ ನಾಕು ಮಂದಿ ಮುಂದ ಬರ್ಲಿ ಅಂತ ಇತ್ತು. ಇದು ತಲ್ಯಾಗ ಬರಲಿಲ್ರಿ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಭಯವಾಯಿತು. ಕೆಟ್ಟವರಾಗಿದ್ದರೆ ಬೈದು ದೂರವಿಡಬಹುದಿತ್ತು.

ಅಂದಿನಿಂದ ದಿನಕ್ಕೆ ಎರಡು ಸಲ ನಮ್ಮ ಮನೆಯ ಮುಂದೆ ಹಾಯ್ದು ಹೋಗತೊಡಗಿದರು. ಬೀಟಿನ ಸ್ಕ್ಯಾನ್ ಚೀಟಿಯೊಂದನ್ನು ನಮ್ಮ ಗೇಟಿನ ಕಂಬಕ್ಕೂ ಅಂಟಿಸಿದರು, ಪೊಲೀಸರು ತಪ್ಪದೆ ಇಲ್ಲಿಗೆ ಬರಲೇಬೇಕು ಎಂದು. ಓಣಿಯಲ್ಲಿ ಇನ್ನಾವ ಮನೆಗೂ ಅದು ಇರಲಿಲ್ಲ. ದಾರಿಯಲ್ಲಿ ಹೋಗುವವರೆಲ್ಲ ಚೀಟಿ ನೋಡಿ, ಆಮೇಲೆ ಬಾಗಿಲು ನೋಡುತ್ತಿದ್ದರು. ಅವ್ವ ಅದರ ಮೇಲೆ ಒಗೆದ ಸೀರೆ ಒಣಹಾಕುತ್ತಿದ್ದಳು.

ಒಂದು ತಿಂಗಳಿಗೆ ಹಿರೇಕೆರೂರಿನ ಕಡೆಯ ಹಳ್ಳಿಯೊಂದರಲ್ಲಿ ಚಾಕುವಿನವನನ್ನು ಹಿಡಿದರು. ಜೈಲಿನಲ್ಲಿ ಗುರುತು ಪತ್ತೆ ಮಾಡಬೇಕು, ಬನ್ನಿ ಎಂದು ನೋಟಿಸು ಬಂತು. ಅದನ್ನು ತಂದ ಬೀಟಿನವರು ಇನ್ನೊಂದು ಸುದ್ದಿಯನ್ನೂ ತಂದಿದ್ದರು. "ಗ್ರಂಥಾಲಯಕ್ಕ ಬಂದಾವ ಸಿಕ್ಕಾನ್ರಿ ಅಕ್ಕಾರ. ಹೊಸಾ ಸಾಲಿ ಸುರು ಆಗೈತಲ್ಲ, ಅದರ ವ್ಯಾನಿಗೆ ಮಕ್ಕಳನ್ನ ಕೂಡಿಸಾಕ ಊರೂರು ತಿರುಗ್ತಾನಂತ. ಪಾಪ, ಠಾಣೆದಾಗ ಅತ್ತಬಿಟ್ಟ."

ಅವರು ನಕ್ಕರು, ನಾನೂ ನಕ್ಕೆ. ನಗು ಮುಗಿದ ಮೇಲೆಯೂ ಭಯ ಇದ್ದಲ್ಲೇ ಇತ್ತು.

ಜೈಲಿನ ಅಂಗಳದಲ್ಲಿ ತಹಶೀಲ್ದಾರರು, ಇಬ್ಬರು ಪಂಚರು. ಪೊಲೀಸರು ಇರುವಂತಿಲ್ಲವೆಂದು ಬೀಟಿನವರನ್ನು ಗೇಟಿನ ಹೊರಗೇ ನಿಲ್ಲಿಸಿದರು. ಗಾಜಿನ ಹಿಂದೆ ನಿಂತು ನೋಡುವುದು ಇರುತ್ತದೆ ಎಂದುಕೊಂಡಿದ್ದೆ. ಗಾಜೂ ಇಲ್ಲ, ಪರದೆಯೂ ಇಲ್ಲ. ಒಂದೇ ಎತ್ತರದ ಎಂಟು ಗಂಡಸರು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಎಲ್ಲರ ಹುಬ್ಬಿನ ನಡುವೆಯೂ ಒಂದೊಂದು ಕಾಗದದ ಪಟ್ಟಿ ಅಂಟಿಸಿದ್ದರು.

"ಅವರೊಳಗ ಇದ್ದರ, ಹತ್ತಿರ ಹೋಗಿ ಕೈಲೇ ಮುಟ್ಟಿ ತೋರಿಸ್ರಿ," ಎಂದರು ತಹಶೀಲ್ದಾರರು.

ಐದನೆಯವನು. ಪಟ್ಟಿ ಗಾಯವನ್ನು ಮುಚ್ಚಿತ್ತು, ಕಣ್ಣನ್ನಲ್ಲ. ಅವನ ಮುಂದೆ ಬಂದಾಗ ನನ್ನ ಕಾಲು ತಾನಾಗಿ ನಿಧಾನವಾಯಿತು. ಅವನು ತುಟಿ ಆಡಿಸಲಿಲ್ಲ, ಸನ್ನೆ ಮಾಡಲಿಲ್ಲ. ಸುಮ್ಮನೆ ನೋಡಿದ. ನಾನು ಕೈ ಎತ್ತಿದರೆ ಅವನ ಅಂಗಿ ಸಿಗುವಷ್ಟು ಹತ್ತಿರ. ಅವನ ಉಸಿರು ಕೇಳುತ್ತಿತ್ತು. ನನ್ನ ಕೈ ಸೆರಗಿನೊಳಗೇ ಉಳಿಯಿತು. ಎಂಟನೆಯವನವರೆಗೆ ಹೋಗಿ ತಿರುಗಿ ಬಂದೆ.

"ಇವರೊಳಗ ಇಲ್ರಿ."

"ಇನ್ನೊಮ್ಮೆ ನೋಡ್ರಿ."

"ಇಲ್ರಿ ಸರ್."

ಸಹಿ ಮಾಡಿದೆ. ಹೊರಗೆ ಬೀಟಿನವರು ನನ್ನ ಮುಖ ನೋಡಿದರು. ಅವರಿಗೆ ತಿಳಿಯಿತು ಎಂದು ನನಗೂ ತಿಳಿಯಿತು. "ಬಸ್ ಸ್ಟ್ಯಾಂಡಿಗೆ ಬಿಡ್ಲೇನ್ರಿ ಅಕ್ಕಾರ?" ಎಂದರು. ಬೇಡವೆಂದು ಬಿಸಿಲಿನಲ್ಲಿ ನಡೆದೆ.

ಓಣಿಗೆ ಬಂದಾಗ ಇನ್ನೂ ಐದಾಗಿರಲಿಲ್ಲ. ದೊಡ್ಡವ್ವ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಅವನು ಸಿಕ್ಕಿಬಿದ್ದ ಸುದ್ದಿ ಬಂದಂದಿನಿಂದ ತಿರುಗಿ ತೋಟಕ್ಕೆ ಹೋಗುವ ಮಾತಾಡುತ್ತಿದ್ದಳು.

"ತೋರಿಸಿದೇನವಾ?"

"ಅವರೊಳಗ ಇರ್ಲಿಲ್ಲ ದೊಡ್ಡವ್ವ. ಬ್ಯಾರೆ ಯಾರನ್ನೋ ಹಿಡದಾರ."

ಅವಳು ನನ್ನನ್ನು ಅನುಮಾನಿಸಲೇ ಇಲ್ಲ. ಕಣ್ಣು ನನ್ನನ್ನು ದಾಟಿ ಓಣಿಯ ತುದಿಗೆ ಹೋಯಿತು. "ಹಂಗಾರ ಅಂವ ಇನ್ನೂ ಹೊರಗ ಅದಾನ," ಎಂದಳು. ಎದ್ದು, ಎಡಗೈಯಿಂದ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಹಗಲಿನ ಬೆಳಕು ಇನ್ನೂ ಓಣಿಯ ತುಂಬ ಇತ್ತು. ಒಳಗಿನಿಂದ ಅಗಳಿ ಹಾಕಿದ ಸದ್ದು ಕೇಳಿತು. ಅದು ಬಿದ್ದಿದೆಯೋ ಇಲ್ಲವೋ ಎಂದು ಅವಳು ಬಾಗಿಲನ್ನು ಎಳೆದೆಳೆದು ನೋಡುತ್ತಿದ್ದಳು.