ಲೆಯೋನಿಸ್ ಹೆಸರಿನ ಹಡಗು

ನನ್ನ ಚಿಕ್ಕಪ್ಪ ಸಿದೆರಿಸ್ ಹಡಗಿನಲ್ಲಿ ಮೇಸ್ತ್ರಿಯಾಗಿದ್ದ. ಅಪ್ಪಣೆ ಕೊಡುವವನು ಕಪ್ತಾನ, ಮೈಮುರಿದು ದುಡಿಯುವವರು ಖಲಾಸಿಗಳು. ಇಬ್ಬರ ನಡುವೆ ನಿಂತು ಹಗ್ಗ, ಲಂಗರು, ಬಣ್ಣ, ಬೈಗುಳ ನಾಲ್ಕನ್ನೂ ನಿಭಾಯಿಸುವವನು ಮೇಸ್ತ್ರಿ. ಬೈಗುಳದಲ್ಲಿ ಅವನನ್ನು ಮೀರಿಸುವವರು ನಮ್ಮೂರಲ್ಲಿ ಇರಲಿಲ್ಲವಂತೆ. ಮನೆಗೆ ಬಂದರೆ ಮಾತ್ರ ಬಾಯಿಗೆ ಬೀಗ. ಅಂಗಳದ ಅಂಜೂರದ ಮರದಡಿ ಕೂತು ಬೀಡಿಯಂಥ ಸಣ್ಣ ಸಿಗರೇಟು ಸುತ್ತಿಕೊಂಡು, ಸಮುದ್ರಕ್ಕೆ ಬೆನ್ನು ಹಾಕಿ ಸೇದುತ್ತಿದ್ದ.

ನಮ್ಮದು ಹಿಯೋಸ್ ದ್ವೀಪದ ಉತ್ತರದ ದಂಡೆ. ಕಲ್ಲು, ಮೇಕೆ, ಗಾಳಿ ಬಿಟ್ಟರೆ ನೆಲ ಏನನ್ನೂ ಕೊಡುವುದಿಲ್ಲ. ಹಾಗಾಗಿ ಗಂಡಸಾಗಿ ಹುಟ್ಟಿದವನು ಗ್ಲಾರೋಸ್ ಮನೆತನದ ಹಡಗು ಹತ್ತಬೇಕು. ಹತ್ತದವನಿಗೆ ಹೆಣ್ಣು ಕೊಡುವವರೂ ಇರಲಿಲ್ಲ. ಆ ಮನೆತನದ ಹಡಗುಗಳನ್ನೆಲ್ಲ ಯುದ್ಧ ನುಂಗಿತು. ಕೊನೆಗೆ ಮುಳುಗಿದ್ದು ‘ಸಂತ ಮಾತ್ರೋನಾ’. ಅದರಲ್ಲಿ ನನ್ನಪ್ಪ ಕೋಸ್ಮಾಸ್ ಚುಕ್ಕಾಣಿ ಹಿಡಿಯುತ್ತಿದ್ದ, ಅಪ್ಪನ ತಮ್ಮ ಸಿದೆರಿಸ್ ಮೇಸ್ತ್ರಿ. ಯಜಮಾನ ಗ್ಲಾರೋಸರ ತಂಗಿಯ ಒಬ್ಬನೇ ಮಗ ಲೆಯೋನಿಸ್ ಎರಡನೆಯ ಅಧಿಕಾರಿ. ಮೀಸೆ ಇನ್ನೂ ಸರಿಯಾಗಿ ಬಲಿಯದ ಹುಡುಗ, ಮಾವನ ಹಡಗು ಅಂತ ಕಪ್ತಾನನೂ ಅವನಿಗೆ ಎದುರಾಡುತ್ತಿರಲಿಲ್ಲ.

ನಲವತ್ತೆರಡರ ಚಳಿಗಾಲದಲ್ಲಿ, ಕೆನಡಾದಿಂದ ಇಂಗ್ಲೆಂಡಿಗೆ ಗೋಧಿ ಒಯ್ಯುವಾಗ, ಜರ್ಮನ್ನರ ಟಾರ್ಪಿಡೊ ಹಡಗಿನ ಹೊಟ್ಟೆ ಸೀಳಿತು. ಒಂದೇ ಒಂದು ದೋಣಿ ಸುರಕ್ಷಿತವಾಗಿ ನೀರಿಗಿಳಿಯಿತು. ಅದರಲ್ಲಿ ಜಾಗ ಬೇಕಾದಷ್ಟಿತ್ತು, ಲೆಯೋನಿಸ್, ನನ್ನ ಚಿಕ್ಕಪ್ಪ ಸೇರಿ ಜನ ಏಳೇ ಮಂದಿ. ನೀರಿಗೆ ಬಿದ್ದವರು ದೋಣಿಯ ಹಿಂದೆ ಜೋತಾಡುತ್ತಿದ್ದ ಹಗ್ಗವನ್ನು ಒಬ್ಬರ ಹಿಂದೊಬ್ಬರು ಹಿಡಿದರು. ಮೊದಲು ಹಿಡಿದವನು ನನ್ನಪ್ಪ. ಎಲ್ಲರೂ ಒಟ್ಟಿಗೆ ಎಳೆದಾಗ ದೋಣಿ ವಾಲಿತು. ಮಗುಚಿಕೊಳ್ಳುತ್ತದೆ ಎಂದು ಲೆಯೋನಿಸ್ ಹೆದರಿದ. ಕೈಗೊಡಲಿ ತೆಗೆದು ಹಗ್ಗ ಕಡಿದ.

ನನ್ನಪ್ಪನೂ ಇನ್ನೂ ಹನ್ನೊಂದು ಮಂದಿ ನಮ್ಮೂರವರೂ ಅಲ್ಲೇ ಉಳಿದರು. ದೋಣಿಯಲ್ಲಿದ್ದವರನ್ನು ಬೇರೊಂದು ಹಡಗು ಕಂಡು ಎತ್ತಿಕೊಳ್ಳುವಷ್ಟರಲ್ಲಿ ಲೆಯೋನಿಸ್ ಕೂಡ ಚಳಿಗೆ ಸೆಟೆದು ಸತ್ತಿದ್ದ. ಪ್ರಾಣ ಹೋದದ್ದು ನನ್ನ ಚಿಕ್ಕಪ್ಪನ ತೊಡೆಯ ಮೇಲೆ.

ಯುದ್ಧ ಮುಗಿದ ಮೇಲೆ ಚಿಕ್ಕಪ್ಪ ಊರಿಗೆ ಬಂದ. ಆಗ ಊರಲ್ಲಿ ಬಾಗಿಲು ತೆರೆದಿದ್ದ ಮನೆಗಳಿಗಿಂತ ಮುಚ್ಚಿದ್ದವೇ ಹೆಚ್ಚು. ದ್ವೀಪ ಜರ್ಮನ್ನರ ಕೈಯಲ್ಲಿದ್ದಾಗ ಅರ್ಧ ಜನ ಎದುರು ದಡದ ತುರ್ಕಿಗೆ ದೋಣಿ ಹತ್ತಿ ಓಡಿದ್ದರು. ಉಳಿದವರು ಕಾಡುಸೊಪ್ಪು ಬೇಯಿಸಿ ತಿಂದಿದ್ದರು. ನನ್ನಜ್ಜಿ ಹಸಿವಿನಲ್ಲೇ ತೀರಿಕೊಂಡಿದ್ದಳು. ತಲೆಯಿಂದ ಪಾದದವರೆಗೆ ವಿಧವೆಯ ಕಪ್ಪುಟ್ಟಿದ್ದ ನನ್ನಮ್ಮ ದೆಸ್ಪಿನಿಯೋಳ ಎದುರು ಚಿಕ್ಕಪ್ಪ ಕೂತು, ಹಗ್ಗ ಕಡಿದ ವಿಷಯ ಹೇಳಿದ. ಅಮ್ಮ ಅಳಲಿಲ್ಲ. ಎದ್ದುಹೋಗಿ ಮೇಕೆಯ ಹಾಲು ಕರೆದು ಬಂದಳು.

ಅದಾಗಿ ವರ್ಷ ಕಳೆಯುವುದರೊಳಗೆ ಸುದ್ದಿ ಬಂತು: ಯುದ್ಧಕಾಲದಲ್ಲಿ ಕಟ್ಟಿದ ಹಡಗುಗಳನ್ನು ಅಮೆರಿಕದವರು ಮಾರುತ್ತಿದ್ದಾರೆ, ನಮ್ಮ ಸರ್ಕಾರ ಜಾಮೀನು ನಿಂತು ನೂರು ಹಡಗು ಕೊಡಿಸುತ್ತಿದೆ, ಗ್ಲಾರೋಸರಿಗೂ ಪಾಲಿದೆ. ಊರಿನ ಕಾಫಿ ಅಂಗಡಿಯಲ್ಲಿ ಗಂಡಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಪಾದ್ರಿ ಗಂಟೆ ಹೊಡೆಸಿದ. ಯಜಮಾನರು ಲಂಡನ್ನಿನಿಂದ ಬಂದು ಚಿಕ್ಕಪ್ಪನನ್ನು ಕರೆಸಿ ತಾವೇ ಕಾಫಿ ಬಗ್ಗಿಸಿಕೊಟ್ಟು, ಮೊದಲ ಹಡಗಿಗೆ ನೀನೇ ಮೇಸ್ತ್ರಿ ಅಂದರು. ಹಡಗಿಗೆ ಲೆಯೋನಿಸ್ ಎಂದು ಹೆಸರಿಡುವುದಾಗಿಯೂ ಹೇಳಿದರು. ಚಿಕ್ಕಪ್ಪ ಕಾಫಿ ಮುಟ್ಟದೆ ಲೆಯೋನಿಸ್ ಹಗ್ಗ ಕಡಿದ ಸಂಗತಿಯನ್ನು ಬಿಚ್ಚಿಟ್ಟ.

ಯಜಮಾನರು ಆ ಕಾಫಿಯನ್ನು ಅವನತ್ತ ಇನ್ನಷ್ಟು ಸರಿಸಿದರು. ಆಮೇಲೆ, “ನೀನು ಹೇಳಿದ್ದು ಸುಳ್ಳು ಅಂತ ನಾನು ಅನ್ನಲ್ಲ, ಸಿದೆರಿಸ್. ಆದ್ರೆ ನನ್ನ ತಂಗಿಗೆ ಉಳಿದಿರೋದು ಆ ಹೆಸರೊಂದೇ. ಅದನ್ನೂ ಕಿತ್ಕೋಬೇಕಾ?” ಅಂದರು.

“ಕೋಸ್ಮಾಸಂಗೂ ಒಂದು ಹೆಸರಿತ್ತು, ಯಜಮಾನ್ರೇ.”

“ಇತ್ತಪ್ಪ. ಅವನ ಹೆಸರಿಟ್ರೆ ಮಿಕ್ಕ ಹನ್ನೊಂದು ಮನೆಯೋರೂ ನಮ್ಮದೂ ಇಡಿ ಅಂತಾರೆ. ಅಷ್ಟು ಹಡಗಿಗೆ ನಾನೆಲ್ಲಿಗೆ ಹೋಗ್ಲಿ?”

ಹೇಳಿ ಅವರು ನಕ್ಕರು. ಹಳೆಯ ಅಭ್ಯಾಸ, ಯಜಮಾನರು ನಕ್ಕರೆಂದು ಚಿಕ್ಕಪ್ಪನೂ ನಕ್ಕುಬಿಟ್ಟ. ಆ ನಗು ಸಾಯುವ ತನಕ ಅವನನ್ನು ಕಚ್ಚುತ್ತಿತ್ತು. “ಬೇರೆ ಏನು ಬೇಕಾದ್ರೂ ಮರೀಬಹುದು, ಅಲ್ಲಿ ನನ್ನ ಹಲ್ಲು ಕಂಡಿದ್ದನ್ನ ಮರಿಯೋಕಾಗಲ್ಲ” ಎಂದು ನನಗೆ ಎಷ್ಟೋ ಸಲ ಹೇಳಿದ್ದಾನೆ.

ಹಡಗು ಹತ್ತುವುದಿಲ್ಲ ಎಂದು ನಿಶ್ಚಯಿಸಿ ಮನೆಗೆ ಬಂದವನನ್ನು ತಿರುಗಿಸಿದವಳು ನನ್ನಮ್ಮ. ಅವಳ ತಮ್ಮಂದಿರಿಬ್ಬರೂ ಅದೇ ಹಡಗಿನ ಕೆಲಸಕ್ಕೆ ಕಾದು ಕೂತಿದ್ದರು. ಮೇಸ್ತ್ರಿಯೇ ಮುನಿಸಿಕೊಂಡರೆ ಅವನ ನೆಂಟರನ್ನು ಯಾರು ಕರೆದಾರು?

“ಹೋಗಿ ಆ ಹೆಸರು ಬರಿ, ಸಿದೆರಿಸ್” ಅಂದಳು. “ಸತ್ತೋನು ಊಟ ಕೇಳಲ್ಲ. ಇರೋರು ಕೇಳ್ತಾರೆ.”

“ಅತ್ತಿಗೆ, ಅವನು ನಿನ್ನ ಗಂಡ.”

“ನಂಗೆ ಗೊತ್ತಿಲ್ವಾ ಅವನು ಯಾರು ಅಂತ?”

ಬಾಲ್ಟಿಮೋರ್ ಬಂದರಿನಲ್ಲಿ ಆ ಹಡಗುಗಳು ಬೂದುಬಣ್ಣ ಬಳಿದುಕೊಂಡು, ದೊಡ್ಡಿಯಲ್ಲಿ ಕೂಡಿಹಾಕಿದ ಎಮ್ಮೆಗಳ ಹಾಗೆ ಒಂದಕ್ಕೊಂದು ಮೈ ತಾಗಿಸಿ ನಿಂತಿದ್ದವಂತೆ. ನಮ್ಮವರಿಗೆ ಸಿಕ್ಕಿದ್ದರ ಮೂತಿಯ ಮೇಲೆ ಹಳೆಯ ಅಮೆರಿಕನ್ ಹೆಸರು ಬೆಸುಗೆಯಲ್ಲಿ ಉಬ್ಬಿಕೊಂಡಿತ್ತು. ಎಷ್ಟು ಬಣ್ಣ ಬಳಿದರೂ ಅದು ಕೆಳಗಿಂದ ಇಣುಕುತ್ತಿತ್ತು. ಹೆಸರು ಬರೆಸುವುದು ಮೇಸ್ತ್ರಿಯ ಪಾಲಿನ ಕೆಲಸ. ಬರೆಯುವ ಕೈ ಇದ್ದದ್ದೂ ಅವನೊಬ್ಬನಿಗೇ. ಎರಡು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ಹಲಗೆಯ ಮೇಲೆ ಕೂತು, ಬಂದರಿನ ಚಳಿಗಾಳಿಯಲ್ಲಿ, ಅವನು ಒಂದೊಂದೇ ಅಕ್ಷರ ತೀಡಿದ. ಮೇಲಿನಿಂದ ನನ್ನ ಸೋದರಮಾವ ನಿಕಿತಾಸ್ ಬಗ್ಗಿ ನೋಡಿ, “ಮೇಸ್ತ್ರಿ, ಮೊದಲ್ನೇ ಅಕ್ಷರ ಕುಡಿದು ನಿಂತಂಗಿದೆ” ಅಂದನಂತೆ.

“ನೀನು ನೆಟ್ಟಗೆ ನಿಂತ್ಕೋ, ಅದೂ ನೆಟ್ಟಗೆ ಕಾಣುತ್ತೆ.”

ಎಲ್ಲರೂ ನಕ್ಕರು. ಚಿಕ್ಕಪ್ಪ ಕೊನೆಯ ಅಕ್ಷರ ಮುಗಿಸಿ ಮೇಲೆ ಬಂದು ತಣ್ಣೀರಲ್ಲಿ ಕೈ ತೊಳೆದ. ಅದು ಎಣ್ಣೆಬಣ್ಣ, ತಣ್ಣೀರಿಗೆಲ್ಲಿ ಹೋಗುತ್ತದೆ?

ಉಪ್ಪುನೀರು ಆ ಹೆಸರನ್ನು ಬಿಟ್ಟೂಬಿಡದೆ ತಿನ್ನುತ್ತಿತ್ತು, ಅವನು ಬಿಟ್ಟೂಬಿಡದೆ ತಿದ್ದಿ ಬರೆಯುತ್ತಿದ್ದ. ಇತ್ತ ಊರು ಚಿಗುರಿತು. ಮುಚ್ಚಿದ ಮನೆಗಳಿಗೆ ಹೊಸ ಕಿಟಕಿಗಳು ಬಂದವು. ನನ್ನ ಸೋದರಮಾವಂದಿರು ಮಾಳಿಗೆ ಮನೆ ಕಟ್ಟಿಸಿದರು. ಚಿಕ್ಕಪ್ಪ ಮದುವೆಯಾಗಲಿಲ್ಲ; ದುಡಿದದ್ದನ್ನೆಲ್ಲ ನನ್ನಮ್ಮನ ಕೈಗೆ ಹಾಕುತ್ತಿದ್ದ, ಅದರಲ್ಲೇ ನಾನು ಬೆಳೆದೆ. ಅವನು ರಜೆಗೆ ಬಂದಾಗಲೆಲ್ಲ ಲೆಯೋನಿಸನ ತಾಯಿ ಅಂಗೇರು ಅವನನ್ನು ಕರೆಸಿಕೊಳ್ಳುತ್ತಿದ್ದಳು. ಚಮಚದಲ್ಲಿ ಸಿಹಿ ಕೊಟ್ಟು, ತಣ್ಣನೆಯ ನೀರಿಟ್ಟು, ಒಂದೇ ಪ್ರಶ್ನೆ ಕೇಳುತ್ತಿದ್ದಳು: ನನ್ನ ಮಗ ಹೇಗೆ ಹೋದ? “ನನ್ನ ತೊಡೆ ಮೇಲೆ ಮಲಗಿದಂಗೇ ಹೋದ, ಅಮ್ಮಾ” ಎಂದು ಇವನು ಹೇಳುತ್ತಿದ್ದ. ಅದು ನಿಜವೇ ಆಗಿತ್ತು. ಅಷ್ಟು ಹೇಳಿ ಎದ್ದು ಬಂದುಬಿಡುತ್ತಿದ್ದ.

ಐವತ್ತೆಂಟರಲ್ಲಿ, ನಾವಿಕರನ್ನು ಕಾಯುವ ಸಂತ ನಿಕೋಲಾಸನ ಹಬ್ಬದ ದಿನ, ಚರ್ಚಿನ ಗೋಡೆಗೆ ಲೆಯೋನಿಸನ ಅಮೃತಶಿಲೆಯ ಫಲಕ ಹಾಕಿದರು. ಪಟ್ಟಣದಿಂದ ಬಂದಿದ್ದ ದೊಡ್ಡ ಮನುಷ್ಯರೊಬ್ಬರು ಭಾಷಣ ಮಾಡಿ, ಈ ವೀರ ಯುವಕ ದೋಣಿಯಲ್ಲಿದ್ದ ತನ್ನ ಜಾಗವನ್ನೇ ಇತರರಿಗೆ ಬಿಟ್ಟುಕೊಟ್ಟವನು ಎಂದರು. ಚಿಕ್ಕಪ್ಪ ಟೋಪಿ ಕೈಯಲ್ಲಿ ಹಿಡಿದು ಪೂರ್ತಿ ಕೇಳಿದ. ಅಲ್ಲಿಂದ ಸೀದಾ ಕಾಫಿ ಅಂಗಡಿಗೆ ಹೋಗಿ, ಹಬ್ಬದ ಅಂಗಿ ತೊಟ್ಟು ಕೂತಿದ್ದ ಗಂಡಸರೆದುರು ನಿಂತು, ಹಗ್ಗ ಕಡಿದವನ ಹೆಸರು ಹೇಳಿಬಿಟ್ಟ.

ಯಾರೂ ಬೆಚ್ಚಲಿಲ್ಲ. ಆ ದೋಣಿಯಲ್ಲಿ ಬದುಕಿ ಬಂದ ಇನ್ನೊಬ್ಬ, ಅಡುಗೆಯ ಪರಸ್ಕೆವಾಸ್, ಮೂಲೆಯಲ್ಲಿ ಕೂತಿದ್ದವನು ತಲೆ ಎತ್ತಿದ.

“ಗೊತ್ತು ಮಾರಾಯ, ಕೂತ್ಕೋ. ಯುದ್ಧ ಮುಗಿದು ನೀನು ಊರಿಗೆ ಬರೋಕ್ ಮುಂಚೇನೇ ನಾನು ಹೇಳಿದ್ದೆ. ಊರಿಗೆಲ್ಲ ಗೊತ್ತು.”

ಚಿಕ್ಕಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ಲೋಟದೊಳಗೆ ನೋಡುತ್ತಿದ್ದರು. ಹಗ್ಗ ಹಿಡಿದು ಸತ್ತವರ ಅಣ್ಣತಮ್ಮಂದಿರು, ಮಕ್ಕಳು ಅಲ್ಲಿದ್ದರು. ನನ್ನ ಸೋದರಮಾವ ನಿಕಿತಾಸ್ ಎದ್ದು ಬಂದು ಅವನ ತೋಳು ಹಿಡಿದ. “ಈಗ ಇದನ್ನ ಎತ್ತಿ ಯಾರನ್ನ ಹಡಗಿಂದ ಇಳಿಸ್ಬೇಕು ಅಂತಿದೀಯ, ಮೇಸ್ತ್ರಿ?”

ಇಳಿಸಿದ್ದು ಅವನನ್ನೇ. ಯಾರೂ ಗದರಿಸಲಿಲ್ಲ. ಕಪ್ತಾನ ಮನೆಗೇ ಬಂದು, ನಿಂಗೂ ವಯಸ್ಸಾಯ್ತು ಸಿದೆರಿಸ್, ಇನ್ನು ಆರಾಮಾಗಿರು ಅಂದು ಹೋದ. ಚಿಕ್ಕಪ್ಪನಿಗೆ ಆಗಿನ್ನೂ ಐವತ್ತು ತುಂಬಿರಲಿಲ್ಲ. ಸೋದರಮಾವಂದಿರು ನಮ್ಮ ಬೀದಿಗೆ ಬರುವುದು ಬಿಟ್ಟರು. ಅಮ್ಮ ಅವನಿಗೆ ಬಡಿಸುತ್ತಿದ್ದಳು, ಆದರೆ ಜೊತೆಯಲ್ಲಿ ಕೂತು ಉಣ್ಣುತ್ತಿರಲಿಲ್ಲ.

ಒಂದು ಬೆಳಗ್ಗೆ ನಾನು ಅಂಗಳದಲ್ಲಿ ಅವರೆ ಆರಿಸುತ್ತಿದ್ದೆ. ಅಂಗೇರು ಏದುಸಿರು ಬಿಡುತ್ತ ನಮ್ಮ ಓಣಿ ಹತ್ತಿ ಬಂದಳು. ಅವಳು ಅದುವರೆಗೆ ನಮ್ಮ ಮನೆ ಮೆಟ್ಟಿಲು ತುಳಿದವಳಲ್ಲ. ಕುರ್ಚಿ ಹಾಕಿದರೆ ಕೂರಲಿಲ್ಲ. ಚಿಕ್ಕಪ್ಪ ಎದ್ದು ನಿಂತ.

“ನನ್ನ ಮಗ ಹಗ್ಗ ಕಡಿದಾಗ ನೀನೆಲ್ಲಿದ್ದೆ?” ಎಂದು ಕೇಳಿದಳು.

“ದೋಣೀಲಿ, ಅಮ್ಮಾ.”

“ಏನ್ ಮಾಡ್ತಿದ್ದೆ?”

ಚಿಕ್ಕಪ್ಪ ನನ್ನ ಕಡೆ ನೋಡಿದ. ಇದೊಂದನ್ನು ಅವನು ಅಮ್ಮನಿಗೂ ಹೇಳಿರಲಿಲ್ಲ, ಯಜಮಾನರಿಗೂ ಹೇಳಿರಲಿಲ್ಲ.

“ಹುಟ್ಟು ಹಾಕ್ತಿದ್ದೆ” ಅಂದ. “ಕಡಿದ ಮೇಲೆ, ಬೇಗ ದೂರ ಹೋಗ್ಲಿ ಅಂತ ಹಾಕ್ದೆ. ಅಣ್ಣ ಕೂಗ್ತಿದ್ದ. ಕೇಳಿಸ್ಬಾರ್ದು ಅಂತ ಜೋರಾಗಿ ಹಾಕ್ದೆ.”

“ಹಂಗಾದ್ರೆ ನನ್ನ ಮಗನ ಹೆಸರ ಪಕ್ಕ ನಿನ್ನ ಹೆಸರನ್ನೂ ಬರ್ಕೋಬೇಕಿತ್ತು, ಮೇಸ್ತ್ರಿ” ಎಂದು ಅವಳು ಬಂದ ದಾರಿಯಲ್ಲೇ ಇಳಿದು ಹೋದಳು. ಫಲಕದ ಕೆಳಗೆ ದೀಪ ಹಚ್ಚುವುದನ್ನು ಅವಳು ಒಂದು ದಿನವೂ ತಪ್ಪಿಸಲಿಲ್ಲ.

ನಾನು ಅವರೆ ಆರಿಸುತ್ತಲೇ ಇದ್ದೆ. ಅಪ್ಪನನ್ನು ಬಿಟ್ಟು ಹುಟ್ಟು ಹಾಕಿದ ಕೈ ನನಗೆ ಅನ್ನ ಹಾಕಿದ ಕೈಯೂ ಹೌದು. ಅವನ ಮೇಲೆ ಕೋಪ ಮಾಡಿಕೊಳ್ಳಬೇಕು ಅನ್ನಿಸಿತು, ಆಗಲಿಲ್ಲ. ಸಮಾಧಾನ ಹೇಳಬೇಕು ಅನ್ನಿಸಿತು, ಅದೂ ಆಗಲಿಲ್ಲ. ಸಂಜೆ ಅಮ್ಮನಿಗೂ ನಾನು ಏನನ್ನೂ ಹೇಳಲಿಲ್ಲ.

ಆಮೇಲೆ ಚಿಕ್ಕಪ್ಪ ಮೀನುಗಾರರ ದೋಣಿಗಳಿಗೆ ಬಣ್ಣ ಹೊಡೆದು ಹೊಟ್ಟೆ ಹೊರೆದ. ಬಣ್ಣ ಚೆನ್ನಾಗಿ ಹೊಡೆಯುತ್ತಿದ್ದ; ಹೆಸರು ಬರೆಯುವುದಕ್ಕೆ ಮಾತ್ರ ಬೇರೆ ಯಾರನ್ನಾದರೂ ಕರ್ಕೊಳ್ಳಿ ಅನ್ನುತ್ತಿದ್ದ. ಎದೆಗೆ ಕಫ ಕಟ್ಟಿ ಒಂದು ಮಾರ್ಚ್ ತಿಂಗಳಲ್ಲಿ ತೀರಿಕೊಂಡ. ಹೆಣ ಹೊರಲು ನಾಲ್ಕು ಜನ ಸಿಗದೆ ಪಾದ್ರಿಯೂ ಹೆಗಲು ಕೊಟ್ಟ. ಪರಸ್ಕೆವಾಸ್ ಬಂದಿದ್ದ, ಗುಂಡಿಯ ಹತ್ತಿರ ಮಾತ್ರ ಬರಲಿಲ್ಲ.

ಆ ಹಡಗನ್ನು ಅಷ್ಟರಲ್ಲಾಗಲೇ ಗುಜರಿಗೆ ಹಾಕಿದ್ದರು. ಗ್ಲಾರೋಸರ ಹತ್ತಿರ ಈಗ ಅದರ ಎರಡರಷ್ಟು ದೊಡ್ಡವಿವೆ, ಅವುಗಳಲ್ಲಿ ಒಂದಕ್ಕೆ ಮತ್ತೆ ಲೆಯೋನಿಸ್ ಎಂದೇ ಹೆಸರಿಟ್ಟಿದ್ದಾರೆ. ನನ್ನ ಮದುವೆಗೆ ಮುಂಚೆ ಅಮ್ಮ ಯಜಮಾನರ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ನನ್ನ ಗಂಡನಾಗುವವನಿಗೆ ಅದರಲ್ಲಿ ಕೆಲಸ ಕೇಳಿ ಬಂದಳು. ಕೊಟ್ಟರು. ಅಪ್ಪ ಯಾವ ಹಡಗಲ್ಲಿದಾನೆ ಎಂದು ಮಕ್ಕಳು ಕೇಳುತ್ತಾರೆ. ನಾನೂ ಆ ಹೆಸರನ್ನೇ ಹೇಳುತ್ತೇನೆ.